ವಿಮಾನ ಕಲಿಸುವವನ ಅವ್ವ

ಕಳೆದ ವಾರ ಕಲ್ಲೋಳಿಗೆ, ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಒಳಗೆ ಯಾರೋ ಅಗಸಿ ಹುರಿಯುತ್ತಿದ್ದರು. ಕಾಳು ಚಿಟಪಟ ಅನ್ನತೊಡಗಿ, ಎಣ್ಣೆಯಂಥ ಆ ಘಮ ಪಡಸಾಲೆಗೆ ಬಂದದ್ದೇ ತಡ, ಚಹಾ ಕುಡಿಯುವುದನ್ನೇ ಮರೆತೆ. ಮೂಡಲಗಿಯ ಬಾಜೂಮನೆಯ ಆಯಿ ನೆನಪಾದಳು. ಮಗ ರಜೆ ಮುಗಿಸಿ ಹೊರಡುವ ಮುನ್ನಾದಿನ ಆಕೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದಳು. ಡಬ್ಬಿಗೆ ತುಂಬುತ್ತ ಪ್ರತಿ ಸಲವೂ ನನಗೆ ಹೇಳುತ್ತಿದ್ದಳು, "ಅಲ್ಲಿ ಹೊಟ್ಟಿ ತುಂಬ ಹಾಕ್ತಾರಂತ ಅಂವಾ ಹೇಳ್ತಾನವಾ. ನಾ ಏನ ಹೋಗಿ ನೋಡೀನೇನ?"

ಆಗ ನಾನು ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡನ ಕೆಲಸ ಹುಕ್ಕೇರಿಯಲ್ಲಿ. ಶನಿವಾರ ಅವರು ಬರುವವರೆಗೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ. ಆಯಿಯೂ ಒಬ್ಬಳೇ. ಆಕೆಯ ಗಂಡ ಗೋಕಾಕ ಡಿಪೋದಲ್ಲಿ ಬಸ್ ಡ್ರೈವರ್ ಆಗಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ಮಗ. ಅವನು ವಾಯುಪಡೆಯಲ್ಲಿ ಪೈಲಟ್.

ಊರಿಗೆಲ್ಲ ಅದು ಹೆಮ್ಮೆ. ಆಯಿಗೆ ಮಾತ್ರ ಅದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ. ಅದು ಶುರುವಾದದ್ದು ಪಗಾರದಿಂದ. ಪಗಾರದ ಮೇಲೆ ಹಾರಾಟಕ್ಕೆಂದೇ ಬೇರೆ ಭತ್ಯೆ ಕೊಡುತ್ತಾರೆ ಎಂದು ಮಗ ಒಮ್ಮೆ ಖುಷಿಯಿಂದ ಹೇಳಿದ್ದನಂತೆ. ಮರುದಿನ ಬೆಳಿಗ್ಗೆಯೇ ಆಯಿ ನನ್ನ ಬಾಗಿಲಿಗೆ ಬಂದಳು.

"ಟೀಚರ, ಹಾರೂದ ಅಂವನ ಕೆಲಸ ಹೌದಿಲ್ಲೋ? ಕೆಲಸಕ್ಕ ಪಗಾರ ಕೊಟ್ಟ ಮ್ಯಾಲ ಮತ್ಯಾಕ ಬ್ಯಾರೆ ರೊಕ್ಕ? ನಮ್ಮ ಮನಿಯವ್ರಿಗೆ ಬಸ್ ಓಡಸೂದಕ್ಕ ಬ್ಯಾರೆ ಕೊಡ್ತಿದ್ರೇನ?"

"ಅದು ಅಪಾಯದ ಕೆಲಸ ಅಲ್ಲೇನ್ರಿ ಆಯಿ..." ಎಂದುಬಿಟ್ಟೆ.

ಆಯಿ ನನ್ನನ್ನೇ ನೋಡಿದಳು. "ಹಂಗ ಹೇಳ ಮತ್ತ," ಎಂದು ಸೀದಾ ತನ್ನ ಮನೆಗೆ ಹೋದಳು.

ಅಂದಿನಿಂದ ಮಗನ ಪಗಾರ ಹೆಚ್ಚಾದ ಸುದ್ದಿ ಬಂದಾಗಲೆಲ್ಲ ಆಕೆಯ ಮುಖ ಬಾಡುತ್ತಿತ್ತು. "ಮತ್ತ ಹೆಚ್ಚ ಮಾಡ್ಯಾರಂತ. ಏನ ಹೊಸಾದು ಹಚ್ಚ್ಯಾರೋ ಅಂವಗ," ಅನ್ನುತ್ತಿದ್ದಳು. ಮಗ ಕಳಿಸಿದ ಫೋಟೊಗಳನ್ನೂ ನಂಬುತ್ತಿರಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದು, "ನಗ್ಯಾಡಾಕತ್ತಾನ. ಫೋಟೊ ಅಂದ್ರ ಎಲ್ಲಾರೂ ನಗ್ತಾರ. ಕಣ್ಣ ನೋಡ, ನಿದ್ದಿ ಆಗಿಲ್ಲ," ಎನ್ನುವಳು. ನಾನು ಎಷ್ಟು ದೊಡ್ಡದು ಮಾಡಿ ನೋಡಿದರೂ ಆ ಕಣ್ಣಲ್ಲಿ ನನಗೇನೂ ಕಾಣುತ್ತಿರಲಿಲ್ಲ. ಆದರೆ ರಾತ್ರಿ ಮಲಗಿದಾಗ, ಖರೆ ನಿದ್ದೆ ಆಗಿಲ್ಲವೇನೋ ಎಂದು ನನಗೂ ಅನಿಸುತ್ತಿತ್ತು. ಅನುಮಾನ ಹಾಗೆ ಗೋಡೆ ದಾಟಿ ನಮ್ಮ ಮನೆಗೂ ಬಂದಿತ್ತು...

ಒಂದು ವರ್ಷ ಹಬ್ಬವಿಲ್ಲ, ಮದುವೆಯಿಲ್ಲ, ಸುಮ್ಮನೆ ಮಗ ಊರಿಗೆ ಬಂದ. ಬೈಕ್ ಮೇಲಿಂದ ಬಿದ್ದು ಬೆನ್ನಿಗೆ ಸ್ವಲ್ಪ ಪೆಟ್ಟಾಗಿದೆ, ದೀರ್ಘ ರಜೆ ಕೊಟ್ಟಿದ್ದಾರೆ ಎಂದ. ಅವನ ಹೆಂಡತಿಯೂ ಫೋನಿನಲ್ಲಿ ಅದನ್ನೇ ಹೇಳಿದಳು. ಅವಳಿಗೆ ಬ್ಯಾಂಕಿನ ಕೆಲಸ, ಜೊತೆಗೆ ಬರಲಾಗಿರಲಿಲ್ಲ. ಆಯಿ ಬಿಸಿನೀರು ಕಾಯಿಸಿದಳು, ರೊಟ್ಟಿ ಬಡಿದಳು. ಆದರೆ ಆಕೆಯ ಕಣ್ಣು ಅವನ ಹಿಂದೆಯೇ ತಿರುಗುತ್ತಿತ್ತು. ಯಾವಾಗಲೂ ಬಸ್ಸಿನಲ್ಲಿ ಬರುವವನು ಈ ಸಲ ಕಾರು ಮಾಡಿಕೊಂಡು ಬಂದಿದ್ದ. ನೆಲದ ಮೇಲೆ ಕೂತು ಉಣ್ಣುವವನು ಕುರ್ಚಿ ಕೇಳಿದ್ದ. ನಳಕ್ಕೆ ನೀರು ಬಂದಾಗ ಕೊಡ ಎತ್ತಲು ಮುಂದೆ ಬಂದಿರಲಿಲ್ಲ. ಇದನ್ನೆಲ್ಲ ಆಕೆ ಹಿತ್ತಲ ಗೋಡೆಯ ಮೇಲಿಂದ ನನಗೆ ಪಿಸುಮಾತಿನಲ್ಲಿ ಹೇಳಿದ್ದಳು.

ಒಂದು ಮಧ್ಯಾಹ್ನ ಸಾರಿನ ಪಾತ್ರೆ ಹಿಂದಿರುಗಿಸಲು ಹೋದಾಗ ನಾನೂ ಅಲ್ಲೇ ಇದ್ದೆ. ಆಯಿ ಅವನ ಕಾಲ ಬಳಿ ಬೇಕೆಂದೇ ಸೌಟು ಬೀಳಿಸಿದಳು. "ಎತ್ತಿ ಕೊಡ ಮಗಾ," ಎಂದಳು. ಅವನು ಬಗ್ಗಲಿಲ್ಲ. ಗೋಡೆ ಹಿಡಿದು, ಬೆನ್ನು ನೆಟ್ಟಗಿಟ್ಟುಕೊಂಡು, ಮೆಲ್ಲಗೆ ಮಂಡಿಯೂರಿ ಕೂತು ಎತ್ತಿದ.

ಆಯಿ ಸೌಟು ತೆಗೆದುಕೊಂಡಳು. "ಬೈಕ್ ಮ್ಯಾಲಿಂದ ಬಿದ್ದವನ ಮೊಣಕೈ ಕೆತ್ತತೈತಿ, ಮೊಣಕಾಲ ಕೆತ್ತತೈತಿ. ಡ್ರೈವರನ ಹೆಂಡತಿ ಅದೀನಿ ನಾ, ಬಿದ್ದವ್ರನ್ನ ಬೇಕಾದಷ್ಟ ನೋಡೀನಿ. ನಿನ್ನ ಮೈಮ್ಯಾಲ ಒಂದ ಗೀರ ಇಲ್ಲ. ಬೆನ್ನ ಒಂದ ಹೆಂಗ ಮುರೀತು?"

ಅವನು ನನ್ನ ಕಡೆ ನೋಡಿದ. ಎದ್ದು ಹೋಗಬೇಕೆಂದುಕೊಂಡೆ, ಆಯಿ ಕೈ ಹಿಡಿದು ಕೂರಿಸಿದಳು. ಕೊನೆಗೆ ಅವನು ಹೇಳಿದ. ಎರಡು ವರ್ಷಗಳಿಂದ ಅವನು ಹೊಸ ಹುಡುಗರಿಗೆ ಹಾರಾಟ ಕಲಿಸುತ್ತಿದ್ದ. ಅಂದು ಒಬ್ಬ ಹುಡುಗನ ಜೊತೆ ಹೋದಾಗ ಎಂಜಿನ್ನಿಗೆ ಹಕ್ಕಿ ಸಿಕ್ಕಿತ್ತು. ಎಂಜಿನ್ ಮತ್ತೆ ಶುರುವಾಗಲಿಲ್ಲ.

"ಸೀಟಿನ ಬುಡಕ ಸಿಡಿಮದ್ದ ಇರತೈತವ್ವ. ಹಿಡಿಕಿ ಎಳದ್ರ ಸೀಟ ಸಮೇತ ನಮ್ಮನ್ನ ಹೊರಗ ಒಗೀತೈತಿ, ಆಮ್ಯಾಲ ಪ್ಯಾರಾಚೂಟ ಬಿಚ್ಚತೈತಿ. ಆ ಹೊಡತಕ್ಕ ಬೆನ್ನೆಲಬ ಬಿರಕ ಬಿಟ್ಟೈತಿ, ಅಷ್ಟ. ಹುಡುಗಗ ಏನೂ ಆಗಿಲ್ಲ. ನಾನೂ ಆರಾಮ ಅದೀನಿ."

"ಆರಾಮ," ಎಂದಳು ಆಯಿ. ಎದ್ದು ಒಳಗೆ ಹೋದಳು. ಬಹಳ ಹೊತ್ತಿನವರೆಗೆ ಪಾತ್ರೆ ತಿಕ್ಕುವ ಸಪ್ಪಳ ಕೇಳುತ್ತಿತ್ತು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು ಅನಿಸುತ್ತದೆ...

ಸಂಜೆ ಹೊರಗೆ ಬಂದು ಆಯಿ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನೌಕರಿ ಬಿಡುತ್ತೇನೆಂದು ಆಣೆ ಮಾಡಿಸಿಕೊಂಡಳು. ಅವನು ಜಗಳವಾಡಲಿಲ್ಲ. ಅವನ ಮನಸ್ಸೂ ಆ ಕಡೆಗೇ ವಾಲಿತ್ತೆಂದು ಕಾಣುತ್ತದೆ. ಜೊತೆಗೆ ಕಲಿತ ಹಲವರು ಆಗಲೇ ಪ್ರಯಾಣಿಕರ ವಿಮಾನಗಳ ಕಂಪನಿ ಸೇರಿದ್ದರು, ಬಾ ಎಂದು ಅವನನ್ನೂ ಕರೆಯುತ್ತಿದ್ದರು. ಅಲ್ಲಿ ಪಗಾರ ಇದರ ಎಷ್ಟೋ ಪಟ್ಟು.

"ಅಷ್ಟ ಯಾಕ ಕೊಡ್ತಾರ?" ಎಂದು ಆಯಿ ತಕ್ಷಣ ಕೇಳಿದಳು.

ಅವನು ನಗಲು ಹೋಗಿ ಬೆನ್ನು ಹಿಡಿದುಕೊಂಡ. "ಅಲ್ಲಿ ಅಪಾಯ ಕಡಿಮಿನ ಐತೆವ್ವ."

"ಅಪಾಯ ಕಡಿಮಿ, ರೊಕ್ಕ ಹೆಚ್ಚ? ಎಲ್ಲೆರ ಕೇಳೀಯೇನ ಇಂಥಾದ್ದು?"

ವಾಯುಪಡೆಯಿಂದ ಹೊರಬರಲು ಅರ್ಜಿ ಹಾಕಬೇಕು, ಅವರು ಒಪ್ಪಬೇಕು, ಕೆಲವೊಮ್ಮೆ ಒಪ್ಪುವುದಿಲ್ಲ ಎಂದಾಗ ಆಕೆ ಇನ್ನೂ ಕೆರಳಿದಳು. "ಬಿಡಾಕ ಅವರ ಅಪ್ಪಣಿ ಯಾಕ? ಅದೇನ ಜೈಲೇನ?" ಒಬ್ಬ ಪೈಲಟ್‌ನನ್ನು ತಯಾರು ಮಾಡಲು ವರ್ಷಗಟ್ಟಲೆ ಹಿಡಿಯುತ್ತದೆ, ಕಲಿಸುವವನನ್ನು ತಯಾರು ಮಾಡಲು ಮತ್ತೂ ಹೆಚ್ಚು, ಅದಕ್ಕೇ ಸುಲಭವಾಗಿ ಬಿಡುವುದಿಲ್ಲ ಎಂದು ಅವನು ತಿಳಿಸಿ ಹೇಳಿದ. ಬೆನ್ನು ನೆಟ್ಟಗಾದ ಮೇಲೆ ಅರ್ಜಿ ಹಾಕುವುದೆಂದು ಮಾತಾಯಿತು.

ಅಷ್ಟರಲ್ಲಿ ಆಯಿಗೆ ಇನ್ನೊಂದು ಅನುಮಾನ ಹುಟ್ಟಿತು. ಮಗನಿಗೆ ಆಗಾಗ ಒಬ್ಬ ಹೆಂಗಸಿನ ಫೋನು ಬರುತ್ತಿತ್ತು. ಹಿಂದಿಯಲ್ಲಿ ಮಾತು. ಫೋನು ಬಂದ ಕೂಡಲೇ ಅವನು ಮಾಳಿಗೆ ಹತ್ತುತ್ತಿದ್ದ. "ಹೆಂಡತಿ ಅಲ್ಲ. ಹೆಂಡತಿ ಜೋಡಿ ಇಲ್ಲೇ ಕುಂತ ಮಾತಾಡ್ತಾನ," ಎಂದು ಆಯಿ ನನ್ನ ಕಿವಿಯಲ್ಲಿ ಹೇಳಿದಳು. ಛೆ ಎಂದೆನಾದರೂ, ಮುಂದಿನ ಸಲ ಫೋನು ಬಂದಾಗ ನಾನೂ ಮಾಳಿಗೆಯ ಕಡೆಗೇ ಕಿವಿಯಾಗಿದ್ದೆ.

ಒಂದು ರವಿವಾರ ಅವನು ಸ್ನಾನಕ್ಕೆ ಹೋಗಿದ್ದಾಗ ಆ ಫೋನು ಬಂತು. ಆಯಿ ಅದನ್ನು ಹಿಡಿದುಕೊಂಡು ಓಡುತ್ತ ನನ್ನ ಮನೆಗೆ ಬಂದಳು. "ನೀ ಹಿಂದಿ ಮಾತಾಡ್ತಿ. ಕೇಳ, ಯಾವಾಕಿ ಅಂತ."

ಆಕೆ ಆ ಹುಡುಗನ ತಾಯಿ. ಆಯಿಯ ಮಗನ ಪಕ್ಕ ಕೂತು ಹಾರಾಟ ಕಲಿಯುತ್ತಿದ್ದವನ ತಾಯಿ. ಎಲ್ಲೋ ಉತ್ತರದ ಗುಡ್ಡಗಳ ನಡುವಿನ ಹಳ್ಳಿಯವಳು. ನಾನು ಯಾರು, ನನ್ನ ಪಕ್ಕದಲ್ಲಿ ಯಾರಿದ್ದಾರೆ ಎಂದು ಹೇಳಿದ ಕೂಡಲೇ ಆಕೆ ಅಳತೊಡಗಿದಳು. ಅಳುತ್ತಲೇ ಹೇಳಿದ್ದನ್ನು ನಾನು ಆಯಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಹೊರಗೆ ಜಿಗಿ ಎಂದು ಗುರು ಹೇಳಿದಾಗ ಹುಡುಗನ ಕೈ ಹೆದರಿಕೆಯಿಂದ ಹಿಡಿಕೆಯ ಮೇಲೆ ಬರಲೇ ಇಲ್ಲವಂತೆ. ಗುರು ಬೈದನಂತೆ, ಕೂಗಿದನಂತೆ. ಅವನು ಹೊರಗೆ ಹೋಗುವವರೆಗೆ ತಾನು ಹೋಗಲಿಲ್ಲವಂತೆ. ಅಷ್ಟರಲ್ಲಿ ನೆಲ ತೀರಾ ಹತ್ತಿರ ಬಂದಿತ್ತು. ಪ್ಯಾರಾಚೂಟ್ ಪೂರ್ತಿ ತೆರೆಯಲು ಹೊತ್ತು ಸಿಗದೆ ಗುರು ಜೋರಾಗಿ ನೆಲಕ್ಕೆ ಬಿದ್ದಿದ್ದ.

ಆಯಿ ನನ್ನ ಹಾಸಿಗೆಯ ಅಂಚಿಗೆ ಕೂತಳು. "ಆಕಿನ್ನ ಕೇಳ, ಹುಡುಗ ಹೆಂಗದಾನಂತ," ಎಂದಳು.

ಆರಾಮ ಇದ್ದೇನೆಂದು ಹೇಳುತ್ತಾನೆ, ಆದರೆ ವಿಮಾನ ಹತ್ತಲು ಒಪ್ಪುತ್ತಿಲ್ಲವಂತೆ, ಆ ಗುರು ಪಕ್ಕದಲ್ಲಿದ್ದರೆ ಮಾತ್ರ ಹತ್ತುತ್ತೇನೆ ಅನ್ನುತ್ತಾನಂತೆ ಎಂದಳು ಆ ತಾಯಿ.

"ಕಣ್ಣಾರ ನೋಡ್ಯಾಳೇನ ಅಂವನ್ನ?"

ಇಲ್ಲ, ಬಹಳ ದೂರ, ಫೋನಿನಲ್ಲೇ ಮಾತು.

"ನಂಬಬ್ಯಾಡ ಅಂತ ಹೇಳ ಆಕಿಗಿ. ಆರಾಮ ಅನ್ನೂದ ಇವ್ರಿಗೆಲ್ಲಾ ಬಾಯಿಪಾಠ. ಹೋಗಿ ನೋಡ ಅನ್ನ. ಮುಟ್ಟಿ ನೋಡ ಅನ್ನ."

ಹೇಳಿದೆ. ಆ ಕಡೆಯಿಂದ ಮೊದಲ ಸಲ ನಗೆಯಂಥ ಒಂದು ಸಪ್ಪಳ ಕೇಳಿತು.

ಮಗ ತಲೆ ಒರೆಸಿಕೊಳ್ಳುತ್ತ ಬಂದಾಗ ಫೋನು ಆಯಿಯ ಮಡಿಲಲ್ಲಿತ್ತು. ಅವನಿಗೆ ಎಲ್ಲ ತಿಳಿಯಿತು. ಬಾಗಿಲಲ್ಲೇ ನಿಂತ.

"ನೀ ಬಿಟ್ರ ಆ ಹುಡುಗಗ ಯಾರ ಕಲಸ್ತಾರ?" ಆಯಿ ಕೇಳಿದಳು.

"ಯಾರರ ಕಲಸ್ತಾರವ್ವ."

"ಖರೆ ಹೇಳ."

ಅವನು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. "ಕಲಸವ್ರ ಕಡಿಮಿ ಅದಾರ. ಇದ್ದವ್ರ ಮ್ಯಾಲ ಹುಡುಗೂರ ಭಾಳ ಅದಾರ. ಹೆದರಿದವನ್ನ ಹಿಡಕೊಂಡ ಕುಂಡ್ರಾಕ ಯಾರಿಗೆ ಹೊತ್ತ ಐತಿ? ಮನಿಗಿ ಕಳಸಬಹುದ ಅಂವನ್ನ."

ಆಮೇಲೆ ಆಯಿ ತನ್ನ ಗಂಡನ ಮಾತು ತೆಗೆದಳು. ಡಿಪೋಗೆ ಹೊಸ ಡ್ರೈವರ್ ಬಂದರೆ ಮೊದಲ ಕೆಲವು ದಿನ ಅವನ ಪಕ್ಕ ಕೂರುವ ಕೆಲಸ ಆಕೆಯ ಗಂಡನಿಗೇ ಬೀಳುತ್ತಿತ್ತಂತೆ. ಗೋಕಾಕ ಫಾಲ್ಸ್ ಕಡೆಯ ಇಳಿಜಾರಿನಲ್ಲಿ ಹೊಸಬರು ಬ್ರೇಕು ತುಳಿಯಲು ತಡವರಿಸುವಾಗ ಇವರು ಕಿಟಕಿಯಾಚೆ ನೋಡುತ್ತ ಏನೂ ಆಗದವರಂತೆ ಎಲೆ-ಅಡಿಕೆ ಅಗಿಯುತ್ತಿದ್ದರಂತೆ. ಮನೆಗೆ ಬಂದ ಮೇಲೆ ಮಾತ್ರ ನೀರು ಕುಡಿಯಲು ಕೈ ನೆಟ್ಟಗಿರುತ್ತಿರಲಿಲ್ಲವಂತೆ. "ನಾ ಬ್ಯಾಡ ಅನ್ನತಿದ್ನಿ. ಅವ್ರ ಕೇಳಲಿಲ್ಲ," ಎಂದಳು. ಮಗ ಇದನ್ನು ಮೊದಲು ಕೇಳಿರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಆಯಿ ಬಾಗಿಲಿಗೆ ನೀರು ಹಾಕುತ್ತ, ಅವನ ಮುಖ ನೋಡದೆಯೇ ಹೇಳಿದ್ದನ್ನು ನಾನು ಕೇಳಿದೆ.

"ಆ ಹುಡುಗ ಕಲಿಯೂತನಕ ಇರ. ಆಮ್ಯಾಲ ಬಿಡ. ಆದ್ರ ಇನ್ನೊಮ್ಮಿ ಬೈಕ್ ಅಂತ ಹೇಳಿದ್ರ, ನೀ ಇದ್ದಲ್ಲಿಗೇ ಬರ್ತೀನಿ ನೋಡ."

ಅವನು ಹೋದ. ಕೆಲವು ತಿಂಗಳ ನಂತರ ವೈದ್ಯರು ಅವನಿಗೆ ಮತ್ತೆ ಹಾರಲು ಒಪ್ಪಿಗೆ ಕೊಟ್ಟರು. ಆ ಹುಡುಗ ತರಬೇತಿ ಮುಗಿಸಿ ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಹಾಕಿಸಿಕೊಂಡ ಫೋಟೊ ಬಂತು. ಪಕ್ಕದಲ್ಲಿ ಅವನ ತಾಯಿ, ಮಗನ ತೋಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಯಿ ಅದನ್ನು ಬಹಳ ಹೊತ್ತು ನೋಡಿದಳು. "ಭಾಳ ಸಣ್ಣಾಂವ ಅದಾನ. ಇಂವಗ ಖರೆ ಬರತೈತೋ, ಸುಮ್ಮಕ ಪಾಸ ಮಾಡ್ಯಾರೋ," ಎಂದಳು. ಆದರೂ ಆ ದಿನ ನಮ್ಮ ಓಣಿಗೆಲ್ಲ ಸಿಹಿ ಸಜ್ಜಕ ಮಾಡಿ ಹಂಚಿದಳು.

ಮಗ ನೌಕರಿ ಬಿಡಲಿಲ್ಲ. ಆ ಹುಡುಗನ ನಂತರ ಇನ್ನೊಬ್ಬ ಬಂದ, ಅವನ ನಂತರ ಮತ್ತೊಬ್ಬ. "ಒಬ್ಬ ಹುಡುಗ ಅಂತ ಹೇಳಿದ್ನಿ ನಾ. ಮೋಸ ಮಾಡಿದ," ಎಂದು ಆಯಿ ಗೊಣಗುತ್ತಿದ್ದಳು. ಅರ್ಜಿಯ ಮಾತನ್ನು ಮಾತ್ರ ಮತ್ತೆ ತೆಗೆಯಲಿಲ್ಲ.

ಒಂದು ಚಳಿಗಾಲ ಆಯಿಗೆ ಕೆಮ್ಮು ಹಿಡಿಯಿತು, ಆಮೇಲೆ ಜ್ವರ. ನಾನು, ನನ್ನ ಗಂಡ ಸೇರಿ ಗೋಕಾಕದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯೂ ಆಕೆ ಸಲೈನ್ ಬಾಟಲಿಯನ್ನು ನೋಡಿ, "ಬರೇ ನೀರ ಇರಬೇಕ," ಎಂದಳು. ನ್ಯುಮೋನಿಯಾ ಎಂದರು ಡಾಕ್ಟರು. ಮಗನಿಗೆ ತಿಳಿಸೋಣವೆಂದರೆ ಬೇಡವೇ ಬೇಡ ಎಂದಳು. ಅದೇ ಸಂಜೆ ಅವನ ಫೋನು ಬಂತು. ನಾನು ಸ್ಪೀಕರ್ ಹಾಕಿ ಆಕೆಯ ಬಾಯಿಯ ಹತ್ತಿರ ಹಿಡಿದೆ. ಆಯಿ ಉಸಿರು ಗಟ್ಟಿ ಮಾಡಿಕೊಂಡಳು.

"ಆರಾಮ ಅದೀನಿ ಮಗಾ. ಸ್ವಲ್ಪ ನೆಗಡಿ ಅಷ್ಟ. ನಾಳಿ ಹಾರೂದ ಐತಿ ಹೌದಿಲ್ಲೋ? ಲಕ್ಷ್ಯ ಕೊಟ್ಟ ಕಲಸ."

ಅವನು ನಂಬಿದ. ಹಾಗಾದರೆ ಮಲಗವ್ವ ಎಂದು ಫೋನು ಇಟ್ಟ. ಆಯಿ ನನ್ನತ್ತ ನೋಡಿದಳು. ಗೆದ್ದೆ ಅನ್ನುವಂತೆ ಕಂಡಿತು ಮೊದಲು, ಆಮೇಲೆ ಹಾಗೆ ಕಾಣಲಿಲ್ಲ... ಮರುದಿನ ಬೆಳಿಗ್ಗೆ ಏದುಸಿರು ಹೆಚ್ಚಾಯಿತು. ನಾನು ಫೋನು ಮಾಡಿದಾಗ ಅದನ್ನು ಎತ್ತಿದವರು ಬೇರೆ ಯಾರೋ. ಅವನು ಒಬ್ಬ ಹುಡುಗನ ಜೊತೆ ಆಕಾಶದಲ್ಲಿದ್ದ, ಇಳಿದ ಕೂಡಲೇ ಹೇಳುತ್ತೇವೆ ಎಂದರು. ಅವನು ಇಳಿಯುವ ಹೊತ್ತಿಗೆ ಆಯಿ ಇರಲಿಲ್ಲ.

ಅವನು ಬಂದು ಎಲ್ಲ ಮುಗಿಸಿದ. ಮೂರನೆಯ ದಿನ ಹಿತ್ತಲಲ್ಲಿ ಕೂತು, "ಆರಾಮ ಅದೀನಿ ಅಂದ್ಲಲ್ರಿ ಟೀಚರ. ಅವ್ವ ಸುಳ್ಳ ಹೇಳ್ತಾಳಂತ ನನಗ ಹೆಂಗ ಗೊತ್ತಾಗಬೇಕಿತ್ತು?" ಎಂದು ಕೇಳಿದ. ಅವನು ಇನ್ನೂ ಅಲ್ಲೇ ಇದ್ದಾನೆ, ಇನ್ನೂ ಕಲಿಸುತ್ತಾನೆ ಎಂದು ಕೇಳಿದ್ದೇನೆ. ತಾಯಿಯ ಆ ಕೊನೆಯ ಮಾತಿಗೋ, ಅದೇ ಅವನಿಗೆ ಇಷ್ಟವೋ, ಅದು ನನಗೆ ತಿಳಿಯಲಿಲ್ಲ.

ನಾನೀಗ ವರ್ಗವಾಗಿ ಹುಕ್ಕೇರಿಯಲ್ಲಿದ್ದೇನೆ. ಕಲ್ಲೋಳಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ತಂಗಿಯ ಫೋನು ಬಂತು. ಧ್ವನಿ ಯಾಕೋ ಒಂಥರಾ ಐತಲ್ಲ ಎಂದಳು. ಏನಿಲ್ಲ, ಆರಾಮ ಅದೀನಿ ಎಂದೆ. ಸರಿ ಎಂದು ಅವಳು ಬೇರೆ ಮಾತಿಗೆ ಹೋದಳು. ಈಗ ನಾನು ಹಾಗೆಂದರೆ ಎಲ್ಲರೂ ನಂಬುತ್ತಾರೆ.