ಬೇಲಿಯಾಚೆಯ ಹದಿಮೂರನೆಯ ಕಲ್ಲು

ಆಳೆತ್ತರದ ಹದಿಮೂರು ಕಲ್ಲುಗಳು. ಯಾರು ತಂದು ನಿಲ್ಲಿಸಿದರೋ, ಅಕ್ಷರ ಹುಟ್ಟುವುದಕ್ಕೂ ಮುಂಚಿನ ಮಾತು. ಅವುಗಳ ಕಾವಲಿನ ಹೆಂಗಸಿಗೆ ಊರು ಇಟ್ಟ ಹೆಸರು ಕಲ್ಲಕ್ಕ. ಬೆಳಗಾದರೆ ಗೇಟಿನ ಬೀಗ ತೆಗೆದು, ಕುಡುಗೋಲು ಹಿಡಿದು, ಕಲ್ಲುಗಳ ಬುಡದ ಹುಲ್ಲು ಕೊಯ್ಯಬೇಕು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಸ್ಮಾರಕ ಇಲಾಖೆ ಬೇಲಿ ಹಾಕಿಸಿದಾಗ ಗುಂಡಿ ತೋಡುವವರು ಒಂದು ಮೂಲೆಯಲ್ಲಿ ನೆಲ ಗಟ್ಟಿಯೆಂದು ತಂತಿಯನ್ನು ಒಳಕ್ಕೆ ಎಳೆದುಬಿಟ್ಟಿದ್ದರು. ಒಂದು ಕಲ್ಲು ಹೊರಗುಳಿಯಿತು. ಕಾಗದದಲ್ಲೂ ಹನ್ನೆರಡೇ ಆಯಿತು. ಕಲ್ಲಕ್ಕ ಮಾತ್ರ ಬೇಲಿ ದಾಟಿ ಅದರ ಬುಡವನ್ನೂ ಚೊಕ್ಕ ಮಾಡಿ ಬರುತ್ತಿದ್ದಳು.

ಇವತ್ತು ರಸ್ತೆ ಅಗಲ ಮಾಡುವ ಯಂತ್ರ ಆ ಕಲ್ಲಿನೆದುರೇ ಬಂದು ನಿಂತಿತು. ಮೇಲೆ ಕೂತವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ.

“ಅಕ್ಕ, ಪಕ್ಕಕ್ಕೆ ಬಾ. ಲಿಸ್ಟಲ್ಲಿಲ್ಲದ ಕಲ್ಲು ಇದು.”

“ಶಾಲೆ ಹಾಜರಿಯಲ್ಲಿ ನಿನ್ನ ಹೆಸರು ಬಿಟ್ಟುಹೋಗಿತ್ತಲ್ಲ, ಆಗ ನೀನು ಹುಟ್ಟೇ ಇಲ್ಲ ಅಂದ್ವೇನೋ?”

ಅವಳು ಫೋನು ಮಾಡಿ ಕರೆಸಿದ್ದ ಇಲಾಖೆಯ ಮೇಡಂ ಅಷ್ಟರಲ್ಲಿ ಬಂದರು. ಕಲ್ಲನ್ನು ಸುತ್ತಿ ನೋಡಿ ತಲೆಯಾಡಿಸಿದರು.

“ತಾನಾಗೇ ಎದ್ದಿರೋ ಬಂಡೆ ಇರಬಹುದಮ್ಮ. ಮನುಷ್ಯರು ನಿಲ್ಲಿಸಿದ್ದು ಅನ್ನೋಕೆ ಗುರುತೇನು?”

ಕಲ್ಲಕ್ಕ ಕುಡುಗೋಲಿನ ತುದಿಯಿಂದ ನೆಲ ತೋರಿಸಿದಳು. “ಗುರುತು ಬುಡದಲ್ಲಿದೆ ಮೇಡಂ. ಒಳಗಿನ ಹನ್ನೆರಡರ ಸುತ್ತಲೂ ನನ್ನ ಕುಡುಗೋಲು ಸಣ್ಣ ಕಲ್ಲಿಗೆ ತಾಗಿ ಟಣ್ ಅನ್ನುತ್ತೆ. ಇದಕ್ಕೂ ಹಾಗೇ. ತಾನಾಗೇ ಎದ್ದ ಬಂಡೆಗೆ ಸುತ್ತ ಬೆಣೆ ಕೊಡೋರು ಯಾರು?”

ಮೇಡಂ ಕಣ್ಣರಳಿಸಿದರು. ಕಾಗದಗಳನ್ನು ಬದಿಗಿಟ್ಟು, ಬ್ರಷ್ಷು ಹಿಡಿದು ಮಂಡಿಯೂರಿ ಕೂತೇಬಿಟ್ಟರು. ಮೇಲಿನ ಮಣ್ಣು ಸರಿದದ್ದೇ ತಡ, ಮುಷ್ಟಿಗಾತ್ರದ ಕಲ್ಲೊಂದು ಕಂಡಿತು. ಅದರ ಮಗ್ಗುಲಿಗೆ ಇನ್ನೊಂದು, ಮತ್ತೊಂದು. ಬಾಯಲ್ಲಿ ಹಲ್ಲು ಕೂತ ಹಾಗೆ ಒಂದಕ್ಕೊಂದು ಒತ್ತಿಕೊಂಡು ದೊಡ್ಡ ಕಲ್ಲನ್ನು ಬಿಗಿಹಿಡಿದಿದ್ದವು. ತಮ್ಮ ಯಾವಾಗ ಇಳಿದು ಬಂದನೋ, ಅವನೂ ಕುಕ್ಕರುಗಾಲಲ್ಲಿ ಕೂತು ಇಣುಕುತ್ತಿದ್ದ.

“ಅಕ್ಕ, ಇವನ್ನ ಯಾರೋ ಕೈಯಲ್ಲೇ ತುರುಕಿದ್ದಾರಲ್ಲೇ.”

“ಮತ್ತೆ? ನಿನ್ನ ಯಂತ್ರ ಇತ್ತೇನೋ ಅವರ ಹತ್ತಿರ?”

ಮೇಡಂ ಫೋಟೋ ತೆಗೆದು ರಸ್ತೆಯ ಇಂಜಿನಿಯರಿಗೆ ಫೋನು ಹಚ್ಚಿದರು. “ಕೆಲಸ ನಿಲ್ಲಿಸಿ. ಇದು ಹದಿಮೂರನೆಯದು. ರಸ್ತೆ ಗುರುತಿನ ಗೂಟ ಆಚೆಗೆ ಸರಿಸಿ.”

ತಮ್ಮ ಮೇಲೆ ಹತ್ತಿ ಯಂತ್ರವನ್ನು ಹಿಂದಕ್ಕೆ ಬಿಡತೊಡಗಿದ. ಕಲ್ಲಕ್ಕ ಕುಡುಗೋಲು ಎತ್ತಿ ಕೂಗಿದಳು:

“ಹಿಂದೆ ನೋಡ್ಕೊಂಡು ಹೋಗೋ. ಹದಿನಾಲ್ಕನೇದು ಇದ್ದರೂ ಇರಬಹುದು.”