ಕೊರಪ್ಪೊಳು ಮತ್ತು ಓದುವ ಹುಡುಗಿಯ ಚಿತ್ರ

ಕೆನಡಾದ ಎಟೋಬಿಕೋಕ್‌ನಲ್ಲಿ ನಮ್ಮ ಪಕ್ಕದ ಮನೆಯ ಕೊರಪ್ಪೊಳು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯ ಕುಚ್ಚಲಕ್ಕಿ ಚೀಲವನ್ನು ಎತ್ತಿ, ಕೈಯಲ್ಲೇ ತೂಗಿ ನೋಡುತ್ತಾಳೆ. ದಿನಾ ಹತ್ತುವ ಬಸ್ಸಾದರೂ ಡ್ರೈವರನನ್ನು ಕೇಳಿಯೇ ಹತ್ತುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಅವಳಿಗೆ ಗಾದೆಯಲ್ಲ, ದಿನಚರಿ.

ಉಡುಪಿಯ ಕಡೆ ಬೀಡಿ ಕಟ್ಟುತ್ತ ಬೆಳೆದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಲ್ಲಿಗೆ ಬಂದ ಮೇಲೆ ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೆಳಗಿನ ಶಿಫ್ಟಲ್ಲಿ ನಿಂತಳು. ಗಂಡ ಶೇಖರ ಹಡಗಿನ ಅಡುಗೆಯವನು. ಪ್ರತಿ ಬೇಸಿಗೆಯಲ್ಲಿ ನಾಲ್ಕು ತಿಂಗಳು ಉತ್ತರದ ಹಿಮದೂರುಗಳಿಗೆ ಸಾಮಾನು ಒಯ್ಯುವ ಹಡಗು ಹತ್ತಿ ಮಾಯವಾಗುತ್ತಿದ್ದ. ಅವನ ಕಾಗದಗಳನ್ನು ಅವಳಿಗೆ ಓದಿ ಹೇಳುತ್ತಿದ್ದವಳು ನಾನು, ಉತ್ತರ ಬರೆಯುತ್ತಿದ್ದವಳೂ ನಾನೇ. ಮೈಸೂರಿನಲ್ಲಿ ಆರು ವರ್ಷ ಕನ್ನಡ ಟೀಚರಾಗಿದ್ದೆ. ಆ ಠೀವಿ ಇನ್ನೂ ಇಳಿದಿಲ್ಲ.

ಹಡಗಿನ ಕೆಲಸ ಬಿಟ್ಟು ಮನೆಯಲ್ಲಿದ್ದ ಶೇಖರ ಕಳೆದ ವರ್ಷ ಯಾರದೋ ಗ್ಯಾರೇಜ್ ಸೇಲ್‌ನಿಂದ ಕಟ್ಟು ಹಾಕಿದ ಒಂದು ದೊಡ್ಡ ಚಿತ್ರ ತಂದು ಗೋಡೆಗೆ ನೇತುಹಾಕಿದ. ವಿಕ್ಟೋರಿಯಾ ರಾಣಿಯ ಕಾಲದ ಚಿತ್ರವೊಂದರ ಅಚ್ಚು ಪ್ರತಿ. ಮುದಿ ನಾವಿಕನೊಬ್ಬ ಮೇಜಿನ ಮೇಲೆ ಮುಷ್ಟಿ ಬಿಗಿದು ಕುಳಿತಿದ್ದಾನೆ. ಪಕ್ಕದಲ್ಲಿ ಉತ್ತರಧ್ರುವದ ದಾರಿಯ ನಕ್ಷೆ, ಕಿಟಕಿಯಾಚೆ ಕಡಲು. ಅವನ ಕಾಲಬುಡದಲ್ಲಿ ಬಿಳಿ ಉಡುಪಿನ ಹುಡುಗಿ, ಅವನ ಕೈಮೇಲೆ ಕೈಯಿಟ್ಟು ದಪ್ಪ ಪುಸ್ತಕ ಓದುತ್ತಿದ್ದಾಳೆ. ಶೇಖರ ದಿನಾ ಮಧ್ಯಾಹ್ನ ಚಹಾ ಹಿಡಿದು ಅದರ ಮುಂದೆ ಒಂದು ಗಂಟೆ ಕೂರತೊಡಗಿದ.

ಆ ಹುಡುಗಿ ಯಾರು ಎಂದು ಕೊರಪ್ಪೊಳು ಕೇಳಿದರೆ, ಮುದುಕನ ಮಗಳು ಎಂದು ನಕ್ಕುಬಿಟ್ಟ. ಆ ನಗುವೇ ಕೆಲಸ ಕೆಡಿಸಿತು. ಇಪ್ಪತ್ತು ಬೇಸಿಗೆ ಆ ಹಿಮದಲ್ಲಿ ಇವನು ಯಾರ ಜೊತೆಗಿದ್ದ? ಮನೆಗೆ ಬರೆದದ್ದೆಲ್ಲ ಒಣ ಕಾಗದ: ನಾನು ಕ್ಷೇಮ, ಇಲ್ಲಿ ಚಳಿ ಜಾಸ್ತಿ, ಮಗು ಜೋಪಾನ. ಒಂದು ಚಿತ್ರದ ಮುಂದೆ ಇಷ್ಟು ಕರಗುವವನು ಆ ಕರಗುವ ಮಾತನ್ನೆಲ್ಲ ಯಾರಿಗೆ ಹೇಳಿದ?

ಚಿತ್ರ ನೂರೈವತ್ತು ವರ್ಷ ಹಳೆಯದು ಮಾರಾಯ್ತಿ ಎಂದು ನಾನು ಅಲ್ಲೇ ಮುಗಿಸಬಹುದಿತ್ತು. ಅದರ ಬದಲು ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದೆ. ಬಾಯಿ ಬಿಡದ ಆ ಮನುಷ್ಯನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಎರಿನ್ ಮಿಲ್ಸ್‌ನಲ್ಲಿರುವ ಅವರ ಮಗಳು ಅಶ್ವಿತಾ ಫೋನಿನಲ್ಲಿ, "ಅಮ್ಮಾ, ಇಟ್ಸ್ ಜಸ್ಟ್ ಎ ಪ್ರಿಂಟ್" ಎಂದಳಂತೆ. ಅಪ್ಪನ ಪರ ಮಾತಾಡುತ್ತಾಳೆ ಎಂದು ಇವಳಿಗೆ ಅವಳ ಮೇಲೂ ಅನುಮಾನ ಬಂತು.

ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಸಾಕ್ಷಿಗೆ ಕರೆದಳು. ಬಾಗಿಲ ಬಳಿ ಸೂಟ್‌ಕೇಸು ಸಿದ್ಧವಾಗಿತ್ತು. ಇವತ್ತು ನಿಜ ಹೇಳದಿದ್ದರೆ ಮಗಳ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಳು. ನಲವತ್ತೈದು ವರ್ಷದ ಸಂಸಾರ. ಅವಳು ಬರೀ ಬೆದರಿಸುತ್ತಿರಲಿಲ್ಲ.

ಶೇಖರ ಚಹಾದ ಲೋಟ ಕೆಳಗಿಟ್ಟ. ಮನೆಯಲ್ಲಿ ಅವರದು ತುಳು. ನಾನಿದ್ದೆನೆಂದು ಕನ್ನಡದಲ್ಲಿ ಹೇಳಿದ.

"ಆ ಹುಡುಗಿ ಓದ್ತಾಳೆ, ಮುದುಕ ಕೇಳ್ತಾನೆ. ನನ್ನ ಕಾಗದವನ್ನು ನೀನು ಹಾಗೆ ಕೇಳ್ತಿ ಅಂತ ಹಡಗಲ್ಲಿ ನೆನೆಸಿಕೊಳ್ತಿದ್ದೆ. ಪ್ರತಿ ಕಾಗದದ ಕೊನೆಗೆ ಒಂದೆರಡು ಸಾಲು ನಿನಗೇ ಅಂತ ತುಳುವಿನಲ್ಲಿ ಬರೀತಿದ್ದೆ. ಒಂದಕ್ಕೂ ನೀನು ಉತ್ತರ ಕೊಡ್ಲಿಲ್ಲ. ನಿನ್ನ ಮನಸ್ಸಲ್ಲಿ ಬೇರೆ ಎಂತದೋ ಉಂಟು ಅಂತ ನಾನೂ ಸುಮ್ಮನಾದೆ."

ಕೊರಪ್ಪೊಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಆ ಸಾಲುಗಳು ನನಗೆ ಚೆನ್ನಾಗಿ ನೆನಪಿದ್ದವು. ಅಕ್ಷರ ಕನ್ನಡದ್ದು, ಮಾತು ನನಗೆ ಬಾರದ ತುಳು. ತಡವರಿಸಿ ಓದಿದರೆ ಓದು ಬಾರದ ಇವಳೆದುರು ನಗೆಪಾಟಲು. ಅರ್ಥವಾಗಲಿಲ್ಲ ಎಂದರೆ ಟೀಚರಮ್ಮನ ಮರ್ಯಾದೆ ಏನಾಗಬೇಕು? ಸಾಲದ್ದಕ್ಕೆ, ಓದುವ ನನ್ನ ಬಗ್ಗೆಯೇ ಏನೋ ಆಡಿಕೊಂಡಿದ್ದಾನೆ ಎಂಬ ಸಂಶಯ ಬೇರೆ. "ಇಂತಿ ಶೇಖರ" ಎಂದು ಮುಗಿಸಿ ಮಡಚಿಬಿಡುತ್ತಿದ್ದೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೆ. ಅಂದು ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಬಯ್ಯಲಿಲ್ಲ. ಬೇಸ್‌ಮೆಂಟಿಗೆ ಇಳಿದು ಕಾಗದದ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದಳು. ತನ್ನ ಮಾತನ್ನು ತಾನೇ ಕೇಳಲಾರದೆ ಶೇಖರ ಅಡುಗೆಮನೆಗೆ ಎದ್ದುಹೋದ.

"ಓದಿ ಟೀಚರೇ. ಈ ಸಲ ಎಲ್ಲ ಓದಿ."

ಮೊದಲ ಕಾಗದದ ಕೊನೆಯನ್ನು ಅಕ್ಷರ ಕೂಡಿಸಿ ಓದಿದೆ: "ನಿನನ್ ತೂವೊಡುಂದು ಆಪುಂಡು." ಅವಳು ನಗಲಿಲ್ಲ. ನಿನ್ನನ್ನು ನೋಡಬೇಕು ಅನಿಸ್ತದೆ ಅಂತ, ಎಂದು ಮೆಲ್ಲಗೆ ಹೇಳಿದಳು. ಎರಡನೆಯದನ್ನು ಓದಿದೆ. ಈ ಸಲ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು. ಇದರ ಅರ್ಥವೇನು ಎಂದು ಕೇಳಿದೆ.

"ಅದು ನಿಮಗಲ್ಲ ಟೀಚರೇ," ಎಂದಳು. "ಮುಂದಿನದ್ದು ಓದಿ."