ನಾನು ನೋಡದ ಚಿಟ್ಟೆ

ಆಗಿನ್ನೂ ನಮ್ಮ ವಕ್ಕಲೇರಿ ಕಡೆ ಎತ್ತ ನೋಡಿದರೂ ಹಿಪ್ಪುನೇರಳೆ ತೋಟ. ದಾರಿಯುದ್ದಕ್ಕೂ ಅದರ ಹಣ್ಣು ತಿಂದು, ನಾಲಿಗೆ ಕಪ್ಪಗೆ ಮಾಡಿಕೊಂಡೇ ಶಾಲೆಗೆ ಹೋಗುತ್ತಿದ್ದೆವು. ಮನೆಯ ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹಸಿ ಸೊಪ್ಪಿನ ವಾಸನೆ ನನ್ನ ಲಂಗಕ್ಕೂ ಅಂಟಿರುತ್ತಿತ್ತು.

ನನಗೆ ಒಂದು ಕಡೆ ನಿಲ್ಲುವ ಜಾಯಮಾನವೇ ಇರಲಿಲ್ಲ. "ಒಗ ಚೋಟ ಕೂಸೋವೇ!" ಎಂದು ಅಜ್ಜಿ ತೆಲುಗಿನಲ್ಲಿ ಗದರುತ್ತಿದ್ದಳು. ಒಂದು ಕಡೆ ಕೂರಬೇಕಂತೆ! ಎರಡನೇ ತರಗತಿಗೆ ಬಂದರೂ ಓದು ಹತ್ತಿರಲಿಲ್ಲ. ಅಕ್ಷರಗಳೆಲ್ಲ ಗೊತ್ತು, ಸಾಲು ಮುಗಿಯುವ ತನಕ ತಾಳ್ಮೆ ಇಲ್ಲ.

ಮಾಲೂರಿನಿಂದ ಬರುತ್ತಿದ್ದ ವನಜಾ ಮಿಸ್ಸು ನಮ್ಮ ಮನೆಯಿಂದ ಒಂದು ಹಿಡಿ ಹುಳು ತರಿಸಿ ತರಗತಿಯ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟರು. ದಿನಾ ಒಬ್ಬರು ಹುಳು ನೋಡಿ ಒಂದು ಸಾಲು ಹೇಳಬೇಕು. ಮಿಸ್ಸು ಅದನ್ನು ಗೋಡೆಯ ಹಾಳೆಯಲ್ಲಿ ಬರೆಯುವರು, ಎಲ್ಲರೂ ಓದಬೇಕು.

"ಕಣ್ಣಲ್ಲಿ ಕಂಡಿದ್ದು ಮಾತ್ರ. ಅನ್ಕೊಂಡಿದ್ದು ಬೇಡ" ಎನ್ನುತ್ತಿದ್ದರು.

'ಹುಳು ತಲೆ ಎತ್ತಿ ಸುಮ್ಮನಿದೆ, ಸೊಪ್ಪು ಮುಟ್ಟಲಿಲ್ಲ.' ನಾನು ತಡವರಿಸದೆ ಓದಿದ ಮೊದಲ ಸಾಲು ಇದು. ನಾನೇ ಹೇಳಿದ್ದಲ್ಲವೇ!

ಹುಳುಗಳು ಗೂಡು ಕಟ್ಟಿದವು. "ಈಗ ಒಳಗಿಂದ ಏನ್ ಬರುತ್ತೆ?" ಎಂದರು ಮಿಸ್ಸು.

"ಏನೂ ಬರಲ್ಲ ಮಿಸ್. ಮಾರ್ಕೆಟ್ಟಿಗೆ ಹೋಗುತ್ತೆ" ಎಂದೆ.

ಯಾರೂ ನಗಲಿಲ್ಲ. ಹುಟ್ಟಿದಾಗಿನಿಂದ ಹುಳುಗಳ ಪಕ್ಕದಲ್ಲೇ ಮಲಗಿದ ನಾವ್ಯಾರೂ ರೇಷ್ಮೆ ಚಿಟ್ಟೆಯನ್ನು ಕಂಡಿರಲಿಲ್ಲ. ಚಿಟ್ಟೆ ತೂತು ಕೊರೆದರೆ ನೂಲು ಹಾಳು, ಹಾಗಾಗಿ ಅದಕ್ಕೆ ಮೊದಲೇ ಗೂಡು ಕೋಲಾರಕ್ಕೆ ಹೋಗಿಬಿಡುತ್ತಿತ್ತು. ಪೆಟ್ಟಿಗೆಯ ಗೂಡುಗಳನ್ನು ಹಾಗೇ ಬಿಟ್ಟು ನೋಡೋಣ ಎಂದರು ಮಿಸ್ಸು. ಚಿಟ್ಟೆ ಬರುವ ಸಾಲನ್ನು ನನ್ನ ಕೈಯಾರೆ ಬರೆಯುತ್ತೇನೆಂದು ಹಟ ಹಿಡಿದೆ.

"ಬರಿ. ಆದ್ರೆ ಕೂತು ನೋಡ್ಬೇಕು ಕಣೇ" ಎಂದರು.

ಸೋಮವಾರ ಹೋಗಿ ನೋಡಿದರೆ ಪೆಟ್ಟಿಗೆ ಖಾಲಿ! ಶಾಲೆಯ ಬೀಗದ ಕೈ ಇರುತ್ತಿದ್ದುದು ನಮ್ಮ ಮನೆಯಲ್ಲೇ. ಓಡಿಬಂದು ಅಪ್ಪನನ್ನು ಕೇಳಿದೆ.

"ಗೂಡು ಬಲ್ತೋಗಿತ್ತಲ್ಲೇ, ಬಿಟ್ಟಿದ್ರೆ ತೂತ್ ಬೀಳ್ತಿತ್ತು. ನಮ್ದರ ಜೊತೆ ಹಾಕ್ಬಿಟ್ಟೆ" ಎಂದ. ದೊಡ್ಡ ಉಪಕಾರ ಮಾಡಿದ ಖುಷಿ ಅವನ ಮುಖದಲ್ಲಿ. ನಾನು ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತೆ.

ಪೆಟ್ಟಿಗೆ ಬಿಚ್ಚಿ ನೋಡಿದ ಮಿಸ್ಸಿಗೆ ರಟ್ಟಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಗೂಡು ಸಿಕ್ಕಿತು. ಅಂದಿನಿಂದ ನಾನು ಅದರ ಕಾವಲು. ಕಾಲು ಜೋಮು ಹಿಡಿಯುತ್ತಿತ್ತು, ಮೈಯೆಲ್ಲ ಕಡಿಯುತ್ತಿತ್ತು. ಗೂಡು ಮಾತ್ರ ಮಿಸುಕುತ್ತಿರಲಿಲ್ಲ.

ಒಂದು ಬೆಳಗ್ಗೆ ಗೆಳತಿ ಮಂಜುಳಾ ಬಾಗಿಲಲ್ಲಿ ಕುಂಟೆಬಿಲ್ಲೆಯ ಕಲ್ಲು ಹಿಡಿದು ನಿಂತಳು. "ಬಾರೇ, ಒಂದೇ ಆಟ."

ಒಂದೇ ಆಟ ಆಡಿ ಬಂದೆ. ಗೂಡಿಗೆ ತೂತು ಬಿದ್ದಿತ್ತು. ಅದರ ಮೇಲೆ ಬಿಳಿ ಚಿಟ್ಟೆಯೊಂದು ಒದ್ದೆ ರೆಕ್ಕೆ ನಡುಗಿಸುತ್ತ ಕೂತಿತ್ತು.

"ಆಚೆ ಬಂದಿದ್ದು ನೋಡ್ದೆ ಅಂತ ಬರ್ಕೊಳ್ಳೇ, ಯಾರಿಗ್ ಗೊತ್ತಾಗುತ್ತೆ?" ಎಂದು ಮಂಜುಳಾ ಪಿಸುಗುಟ್ಟಿದಳು.

ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಎಷ್ಟು ಆಸೆಯಿತ್ತು! ಆಮೇಲೆ ಸೊಟ್ಟ ಅಕ್ಷರಗಳಲ್ಲಿ ಬರೆದೆ: 'ಚಿಟ್ಟೆ ಬಂದಿದೆ. ಬರುವಾಗ ನಾನು ನೋಡಲಿಲ್ಲ.'

ಮಿಸ್ಸು ಅದನ್ನು ಎರಡು ಸಲ ಓದಿದರು. "ಇದೇ ಕಣೇ ಬರೆಯೋದು ಅಂದ್ರೆ" ಎಂದು ನನ್ನ ತಲೆ ಸವರಿದರು.

ಈಗ ನಮ್ಮ ತೋಟದಲ್ಲಿ ಹಿಪ್ಪುನೇರಳೆ ಇಲ್ಲ, ನೆರಳು ಬಲೆಯ ಕೆಳಗೆ ಕ್ಯಾಪ್ಸಿಕಂ ಇದೆ. ಎರಡನೇ ತರಗತಿಯ ನನ್ನ ಮಗಳಿಗೆ ಶಾಲೆಯಿಂದ ರೇಷ್ಮೆ ಹುಳುವಿನ ವಿಡಿಯೋ ಬಂದಿತ್ತು. ಮೊಟ್ಟೆಯಿಂದ ಚಿಟ್ಟೆಯ ತನಕ ಒಂದೇ ನಿಮಿಷ. ಅದರಲ್ಲೂ ನಡುವಿನದನ್ನು ಬೆರಳಿನಿಂದ ಮುಂದೆ ತಳ್ಳಿದಳು.

"ಅಮ್ಮಾ, ಚಿಟ್ಟೆ ಬರೋದು ನೀನು ನೋಡಿದ್ಯಾ?"

"ಇಲ್ಲ ಕಣೇ."

"ನಾನ್ ನೋಡ್ದೆ" ಎಂದು ಮುಂದಿನ ವಿಡಿಯೋಗೆ ಹೋದಳು.

ಅವಳು ಹೇಳಿದ್ದು ನಿಜ. ಆದರೆ ನೋಡಲಾಗದ ಆ ಚಿಟ್ಟೆಗಾಗಿ ನಾನು ಇವತ್ತಿಗೂ ಹಂಬಲಿಸುತ್ತೇನೆ. ಅವಳಿಗೆ ಹಾಗೆ ಕಾದು ಕಳೆದುಕೊಳ್ಳುವುದಕ್ಕೆ ನಾನು ಏನನ್ನೂ ಉಳಿಸಿಲ್ಲ.